ಹಿರಿಯರಿಗೆ ಗೊತ್ತಿಲ್ಲದ ಖಾರ

ನಮ್ಮ ತವರಿನಲ್ಲಿ ವರ್ಷಕ್ಕೆ ಎರಡು ದಿನ ಖಾರದ ಡಬ್ಬಿಗೆ ಅಡುಗೆಮನೆಯಿಂದ ಗಡೀಪಾರು. ಒಂದು ಅಜ್ಜನ ಶ್ರಾದ್ಧದ ದಿನ, ಇನ್ನೊಂದು ಮಹಾಲಯ ಪಕ್ಷದ ದಿನ. ಹಿಂದಿನ ಸಂಜೆಯೇ ಅಜ್ಜಿ ಒಲೆ ಸಾರಿಸಿ, ಮಡಿ ಪಾತ್ರೆಗಳನ್ನು ಇಳಿಸಿಕೊಂಡು, ಖಾರದ ಡಬ್ಬಿ, ಸಾರಿನ ಪುಡಿ, ಒಣಮೆಣಸಿನಕಾಯಿ ತುಂಬಿದ ಹಿತ್ತಾಳೆ ಡಬ್ಬಿ ಎಲ್ಲವನ್ನೂ ನಡುಮನೆಯ ಗೂಡಿಗೆ ಸಾಗಿಸಿಬಿಡುತ್ತಿದ್ದಳು. ಮರುದಿನದ ಅಡುಗೆಯಲ್ಲಿ ಬಾಳೆಕಾಯಿ, ಹಾಗಲಕಾಯಿ, ಚವಳಿಕಾಯಿ, ಸುವರ್ಣಗಡ್ಡೆ ಇರುತ್ತಿದ್ದವು. ಆಲೂಗಡ್ಡೆ, ಟೊಮೇಟೊ, ಹೂಕೋಸು ಇರುತ್ತಿರಲಿಲ್ಲ. ವಡೆಗೆ ಕಾಳುಮೆಣಸು, ಸಾರಿಗೆ ಕಾಳುಮೆಣಸು, ಚಟ್ನಿಗೂ ಕಾಳುಮೆಣಸು. ಖಾರದ ಊರಿನಲ್ಲಿ ಹುಟ್ಟಿ, ಖಾರ ತಿಂದು ಬೆಳೆದ ನಮಗೆ ಆ ಊಟ ಯಾವುದೋ ಬೇರೆ ದೇಶದ ಊಟದ ಹಾಗೆ ಕಾಣುತ್ತಿತ್ತು.

ಒಮ್ಮೆ ಕೇಳಿಯೇ ಬಿಟ್ಟೆ: ‘ಅಜ್ಜಿ, ಇವತ್ತ ಯಾಕ ಮೆಣಸಿನಕಾಯಿ ಹಾಕಂಗಿಲ್ಲ?’

ಅಜ್ಜಿ ಉದ್ದಿನ ಹಿಟ್ಟು ರುಬ್ಬುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು: ‘ಹಿರಿಯರಿಗೆ ಅದು ಗೊತ್ತಿಲ್ಲ, ಹುಚ್ಚಿ. ಗೊತ್ತಿಲ್ಲದ್ದನ್ನ ಎಲಿಗೆ ಬಡಿಸಿದ್ರ ಉಣ್ಣತಾರೇನು?’

ಆಗ ಅದು ಅಜ್ಜಿಯ ಹಾರಿಕೆಯ ಉತ್ತರ ಎಂದುಕೊಂಡಿದ್ದೆ. ನಮ್ಮ ಅಜ್ಜ ದಿನವೂ ರೊಟ್ಟಿಯ ಜೊತೆ ಎರಡು ಹಸಿಮೆಣಸಿನಕಾಯಿ ಕಡಿಯುತ್ತಿದ್ದ ಮನುಷ್ಯ. ಅವನಿಗೆ ಗೊತ್ತಿಲ್ಲದ್ದೇನು ಬಂತು? ಬಹಳ ವರ್ಷಗಳ ಮೇಲೆ ಅಡುಗೆಯ ಇತಿಹಾಸದ ಪುಸ್ತಕಗಳನ್ನು ಓದತೊಡಗಿದಾಗ ಮಾತ್ರ, ಅಕ್ಷರ ಹೆಚ್ಚು ಕಲಿಯದ ಅಜ್ಜಿ ಎಷ್ಟು ದೊಡ್ಡ ಸತ್ಯವನ್ನು ಎಷ್ಟು ಸಣ್ಣ ಮಾತಿನಲ್ಲಿ ಹೇಳಿದ್ದಳು ಎಂದು ಹೊಳೆಯಿತು. ಅಜ್ಜನಿಗೆ ಮೆಣಸಿನಕಾಯಿ ಗೊತ್ತಿತ್ತು. ಅಜ್ಜನ ಅಜ್ಜನಿಗೂ ಗೊತ್ತಿತ್ತು. ಆದರೆ ಇನ್ನೂ ಹತ್ತು ಹನ್ನೆರಡು ತಲೆ ಹಿಂದಕ್ಕೆ ಹೋದರೆ, ಕನ್ನಡ ನಾಡಿನಲ್ಲಿ ಯಾವ ಹಿರಿಯರಿಗೂ ಅದು ಗೊತ್ತಿರಲಿಲ್ಲ. ಐದು ನೂರು ವರ್ಷಗಳ ಕೆಳಗೆ ಈ ನೆಲದಲ್ಲಿ ಒಂದೇ ಒಂದು ಮೆಣಸಿನಗಿಡ ಇರಲಿಲ್ಲ.

ನಂಬುವುದು ಕಷ್ಟ. ಬ್ಯಾಡಗಿಯ ಕೆಂಪು, ರೊಟ್ಟಿಯ ಪಕ್ಕದ ರಂಜಕ, ಸಂಜೆಯ ಮಿರ್ಚಿ ಭಜಿ, ಮಜ್ಜಿಗೆ ಮೆಣಸಿನಕಾಯಿ ಇವು ಯಾವುವೂ ಇಲ್ಲದ ಕರ್ನಾಟಕವನ್ನು ಊಹಿಸುವುದು ಹೇಗೆ? ಆದರೆ ನಮ್ಮ ಹಳೆಯ ಗ್ರಂಥಗಳನ್ನು ತೆರೆದರೆ ಸಾಕ್ಷಿ ಸಿಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಬರೆದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಊಟಕ್ಕೇ ಒಂದು ಭಾಗವಿದೆ. ನಮ್ಮ ಇಡ್ಲಿಯ ಪೂರ್ವಜ ಎನ್ನಬಹುದಾದ ‘ಇಡ್ಡರಿಕ’ ಅಲ್ಲಿದೆ. ಅದಕ್ಕೆ ಬೀಳುತ್ತಿದ್ದದ್ದು ಕಾಳುಮೆಣಸು, ಜೀರಿಗೆ, ಇಂಗು. ಮೂರನೆಯ ಮಂಗರಸ ಸುಮಾರು 1508ರ ಹೊತ್ತಿಗೆ ಕನ್ನಡದಲ್ಲಿ ‘ಸೂಪಶಾಸ್ತ್ರ’ ಎಂಬ ಪಾಕಗ್ರಂಥವನ್ನೇ ಪದ್ಯದಲ್ಲಿ ಬರೆದ. ಬದನೆಕಾಯಿಯನ್ನು ಬಗೆಬಗೆಯಾಗಿ ಮಾಡುವುದು ಹೇಗೆಂದು ಆತನಿಗೆ ಗೊತ್ತು. ಮೆಣಸಿನಕಾಯಿ ಮಾತ್ರ ಗೊತ್ತಿಲ್ಲ. ಅಕ್ಬರನ ಆಸ್ಥಾನದ ಅಬುಲ್ ಫಜಲ್ 1590ರ ದಶಕದಲ್ಲಿ ‘ಐನ್-ಇ-ಅಕ್ಬರಿ’ಯಲ್ಲಿ ಬಾದಶಹನ ಅಡುಗೆಮನೆಯ ಸಾಮಾನಿನ ಲೆಕ್ಕವನ್ನು ಸೇರು ತೊಲದವರೆಗೆ ಕೊಡುತ್ತಾನಲ್ಲ, ಅಲ್ಲೂ ಕಾಳುಮೆಣಸೇ. ಮೊಗಲ್ ಬಾದಶಹ ಒಂದು ತುತ್ತು ಮೆಣಸಿನಕಾಯಿ ಚಟ್ನಿ ತಿನ್ನದೆಯೇ ರಾಜ್ಯವಾಳಿದ!

ಹಾಗಾದರೆ ನಮ್ಮವರು ಸಪ್ಪೆ ಉಣ್ಣುತ್ತಿದ್ದರೇ? ಇಲ್ಲ. ಶುಂಠಿ, ಕಾಳುಮೆಣಸು, ಹಿಪ್ಪಲಿ, ಈ ಮೂರನ್ನು ಸೇರಿಸಿ ನಮ್ಮ ವೈದ್ಯರು ‘ತ್ರಿಕಟು’ ಎಂದರು. ಅದರ ಜೊತೆಗೆ ಸಾಸಿವೆ. ನಾಲಿಗೆಯನ್ನು ಚುರುಗುಟ್ಟಿಸಲು ಇಷ್ಟು ಸಾಕಿತ್ತು. ಆ ಅಡುಗೆ ಸತ್ತೂ ಹೋಗಿಲ್ಲ. ಅದು ಎರಡು ಕಡೆ ಅಡಗಿ ಕುಳಿತಿದೆ. ಒಂದು ಶ್ರಾದ್ಧದ ಎಲೆಯಲ್ಲಿ. ಇನ್ನೊಂದು, ನಮ್ಮಲ್ಲಿ ಹೆಚ್ಚಿನವರು ಉಂಡೇ ಬಂದಿರುವ ಬಾಣಂತಿಯ ಕೋಣೆಯಲ್ಲಿ. ನನ್ನ ಮೊದಲ ಬಾಣಂತನದಲ್ಲಿ ಅವ್ವ ದಿನವೂ ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ ತಂದಿಡುತ್ತಿದ್ದಳು. ಒಂದು ತುಣುಕು ಕೆಂಪು ಖಾರಕ್ಕಾಗಿ ನಾನು ಅಂಗಲಾಚಿದರೂ ಕೊಡಲಿಲ್ಲ. ‘ಕೂಸಿನ ಹೊಟ್ಟಿಗೆ ಆಗಂಗಿಲ್ಲ’ ಎನ್ನುವುದು ಕಾರಣ. ಆ ನಲವತ್ತು ದಿನ ನಾನು ಉಂಡದ್ದು ವಿಜಯನಗರ ಕಾಲದ ಊಟ ಎಂಬುದು ಆಗ ಅವ್ವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಸತ್ತವರಿಗೆ ಬಡಿಸುವಾಗ, ಹುಟ್ಟಿದವರಿಗೆ ಹಾಲೂಡಿಸುವಾಗ ನಮ್ಮ ಹೆಂಗಸರು ಹೊಸದನ್ನು ನಂಬಲಿಲ್ಲ. ಇತಿಹಾಸಕಾರರು ತಾಮ್ರಪಟ ಹುಡುಕುತ್ತಾರೆ. ಇಲ್ಲಿ ಒಂದು ಲೋಟ ಸಾರೇ ತಾಮ್ರಪಟ.

ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಮೆಕ್ಸಿಕೋದ ಜನ ಆರು ಸಾವಿರ ವರ್ಷಗಳಿಗೂ ಹಿಂದೆ ಅದನ್ನು ತಿನ್ನುತ್ತಿದ್ದರು, ಬೆಳೆಸುತ್ತಿದ್ದರು. 1541ರ ಸುಮಾರಿಗೆ ಅಲ್ಲಿ ತಯಾರಾದ ‘ಕೋಡೆಕ್ಸ್ ಮೆಂದೋಜಾ’ ಎಂಬ ಚಿತ್ರಗ್ರಂಥದಲ್ಲಿ ಅಜ್ಟೆಕ್ ಜನರ ದಿನನಿತ್ಯದ ಬದುಕಿನ ಚಿತ್ರಗಳಿವೆ. ಒಂದು ಚಿತ್ರದಲ್ಲಿ ಹನ್ನೊಂದು ವರ್ಷದ ತುಂಟ ಮಗನನ್ನು ಅಪ್ಪ ಸುಡುವ ಮೆಣಸಿನಕಾಯಿಯ ಹೊಗೆಗೆ ಹಿಡಿದಿದ್ದಾನೆ. ಪಕ್ಕದಲ್ಲಿ ತಾಯಿ ಮಗಳನ್ನು ಅದೇ ಹೊಗೆಯ ಮುಂದೆ ಕೂರಿಸಿದ್ದಾಳೆ. ಆ ಚಿತ್ರ ನೋಡಿ ನಾನು ನಕ್ಕುಬಿಟ್ಟೆ. ‘ಮೆಣಸಿನಕಾಯಿ ಹೊಗಿ ಹಾಕತೀನಿ ನೋಡು!’ ಎಂದು ನಮ್ಮ ಓಣಿಯ ತಾಯಂದಿರು ಬೆದರಿಸುತ್ತಿದ್ದದ್ದು ಇದನ್ನೇ ಅಲ್ಲವೇ? ಭೂಮಿಯ ಆ ತುದಿಯ ತಾಯಿಗೂ ಈ ತುದಿಯ ತಾಯಿಗೂ ಯಾರು ಹೇಳಿಕೊಟ್ಟರು?

ಕೊಲಂಬಸ್ 1492ರಲ್ಲಿ ಹಡಗು ಹತ್ತಿದ್ದು ನಮ್ಮ ಕಾಳುಮೆಣಸನ್ನು ಹುಡುಕಿಕೊಂಡು. ದಾರಿ ತಪ್ಪಿ ಸೇರಿದ್ದು ಕೆರಿಬಿಯನ್ ದ್ವೀಪಗಳನ್ನು. ಅಲ್ಲಿಯ ಜನ ಉಣ್ಣುತ್ತಿದ್ದ ಕೆಂಪು ಕಾಯನ್ನು ಕಂಡು, ಇದು ಇವರ ಮೆಣಸು, ನಮ್ಮ ಮೆಣಸಿಗಿಂತ ಮಿಗಿಲು ಎಂಬರ್ಥದಲ್ಲಿ 1493ರ ಜನವರಿಯಲ್ಲಿ ತನ್ನ ದಿನಚರಿಯಲ್ಲಿ ಬರೆದುಕೊಂಡ. ಕಾಳುಮೆಣಸಿನ ಬಳ್ಳಿಗೂ ಮೆಣಸಿನಗಿಡಕ್ಕೂ ಸಸ್ಯಕುಲದಲ್ಲಿ ಯಾವ ನೆಂಟಸ್ತಿಕೆಯೂ ಇಲ್ಲ. ಮೆಣಸಿನಗಿಡ ಬದನೆ, ಟೊಮೇಟೊಗಳ ದಾಯಾದಿ. ಆದರೂ ಕೊಲಂಬಸ್ ಹುಡುಕಿ ಹೊರಟದ್ದರ ಹೆಸರನ್ನು ಸಿಕ್ಕಿದ್ದಕ್ಕೆ ಇಟ್ಟ. ವಧುವನ್ನು ನೋಡಲು ಹೋದವರು ದಾರಿ ತಪ್ಪಿ ಇನ್ನೊಂದು ಮನೆಗೆ ನುಗ್ಗಿ, ಅಲ್ಲಿದ್ದ ಹುಡುಗಿಯನ್ನೇ ಅದೇ ಹೆಸರಿನಿಂದ ಕರೆದ ಹಾಗೆ.

ನಾವೂ ಅದನ್ನೇ ಮಾಡಿದೆವು. ಕನ್ನಡದಲ್ಲಿ ‘ಮೆಣಸು’ ಎಂದರೆ ಕಾಳುಮೆಣಸು. ಹೊಸದಾಗಿ ಬಂದದ್ದು ಕಾಯಿಯ ರೂಪದಲ್ಲಿತ್ತು, ‘ಮೆಣಸಿನಕಾಯಿ’ಯಾಯಿತು. ತಮಿಳರ ಮಿಳಗು ‘ಮಿಳಗಾಯ್’ ಆಯಿತು, ಮರಾಠಿಯ ಮಿರಿ ‘ಮಿರ್ಚಿ’ಯಾಯಿತು. ಆಮೇಲೆ ಹೊಸಬಳು ಮನೆಯನ್ನೇ ಆವರಿಸಿದಳು. ಹಳಬಳಿಗೆ ತನ್ನದೇ ಹೆಸರು ಸಾಲದೆ, ಕರಿಮೆಣಸು, ಕಾಳುಮೆಣಸು ಎಂದು ವಿಶೇಷಣ ಅಂಟಿಸಿಕೊಳ್ಳಬೇಕಾಯಿತು. ಕರಾವಳಿಯವರು ಸ್ವಲ್ಪ ನ್ಯಾಯವಂತರು. ಅವರು ಹಳೆಯದನ್ನು ‘ಒಳ್ಳೆಮೆಣಸು’ ಎಂದರು. ತುಳುವಿನಲ್ಲೂ ಅದು ‘ಎಡ್ಡೆ ಮುಂಚಿ’, ಒಳ್ಳೆಯ ಮೆಣಸು. ಹೇಳದೆ ಬಿಟ್ಟ ಮಾತು ಏನೆಂದರೆ, ಹೊಸದು ಅಷ್ಟೇನೂ ಒಳ್ಳೆಯದಲ್ಲ! ಕೊಡಗಿನವರು ಸೂಜಿಯಂಥ ಚಿಕ್ಕ ಮೆಣಸಿಗೆ ‘ಪರಂಗಿ ಮೆಣಸು’ ಎನ್ನುತ್ತಾರೆ. ಪರಂಗಿಯೆಂದರೆ ಫಿರಂಗಿ, ಹಡಗಿನಲ್ಲಿ ಬಂದ ಪರದೇಶಿ. ಅದೇ ದಾರಿಯಲ್ಲಿ ಬಂದ ಇನ್ನೊಂದು ಹಣ್ಣನ್ನು ಮೈಸೂರು ಸೀಮೆಯವರು ಇಂದಿಗೂ ‘ಪರಂಗಿ ಹಣ್ಣು’ ಎನ್ನುತ್ತಾರೆ. ನಾವು ಮಾತಿನಲ್ಲಿ ಊರಿನ ರಹದಾರಿಯನ್ನು ಇಟ್ಟುಕೊಂಡಿದ್ದೇವೆ, ಓದುವುದಿಲ್ಲ ಅಷ್ಟೇ.

ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದರು. 1500ರಲ್ಲಿ ಅವರದೇ ಹಡಗುಗಳು ಬ್ರೆಜಿಲ್ ಮುಟ್ಟಿದವು. 1510ರಲ್ಲಿ ಗೋವೆ ಅವರ ಕೈ ಸೇರಿತು. ಅಮೆರಿಕದ ಬೀಜ ನಮ್ಮ ಕರಾವಳಿಗೆ ಇಳಿಯಲು ಇಷ್ಟು ಸಾಕಾಯಿತು. ಮುಂಬಯಿ ಪೇಟೆಯಲ್ಲಿ ಮೆಣಸಿನಕಾಯಿಗೆ ‘ಗೋವಾಯಿ ಮಿರ್ಚಿ’ ಎಂಬ ಹೆಸರೇ ಇತ್ತು. ಗೋವೆಯಿಂದ ಘಟ್ಟ ಹತ್ತಿದರೆ ನಮ್ಮ ಧಾರವಾಡ ಸೀಮೆ. ಆಹಾರದ ಇತಿಹಾಸಕಾರ ಕೆ.ಟಿ. ಅಚಯ ಅವರು ತಮ್ಮ 1994ರ ಪುಸ್ತಕದಲ್ಲಿ, ಮೆಣಸಿನಕಾಯಿಯನ್ನು ಹೊಗಳುವ ಪುರಂದರದಾಸರ ರಚನೆಯೊಂದನ್ನು ನೆನೆಯುತ್ತಾರೆ. ದಾಸರು ತೀರಿಕೊಂಡದ್ದು 1564ರಲ್ಲಿ. ಕೀರ್ತನೆಗಳು ಬಾಯಿಂದ ಬಾಯಿಗೆ ಬಂದವು, ಅಂಕಿತ ನೋಡಿ ಕಾಲ ನಿರ್ಣಯಿಸುವುದು ಕಷ್ಟ. ಆದರೆ ಅದು ದಾಸರದೇ ಆಗಿದ್ದರೆ, ಹಡಗಿನಿಂದ ಇಳಿದ ಐವತ್ತು ವರ್ಷದೊಳಗೆ ಈ ಪರದೇಶಿ ಬಡವರ ಬಾಯಿಗೂ ಹರಿದಾಸರ ಹಾಡಿಗೂ ಬಂದಿತ್ತು ಎಂದಾಯಿತು.

ಅದೇ ಕಾಲದಲ್ಲಿ ಘಟ್ಟದ ಕೆಳಗೆ ಗೇರುಸೊಪ್ಪೆಯಲ್ಲಿ ಒಬ್ಬ ಹೆಂಗಸು ರಾಜ್ಯವಾಳುತ್ತಿದ್ದಳು. ಚೆನ್ನಭೈರಾದೇವಿ. 1552ರಿಂದ 1606ರವರೆಗೆ, ಅರ್ಧ ಶತಮಾನಕ್ಕೂ ಮಿಕ್ಕಿ. ಮಲೆನಾಡಿನ ಕಾಳುಮೆಣಸು ಅವಳ ಬಂದರುಗಳಿಂದಲೇ ಹೊರದೇಶಕ್ಕೆ ಹೋಗಬೇಕಿತ್ತು. ಪೋರ್ಚುಗೀಸರು ಅವಳೊಡನೆ ವ್ಯಾಪಾರವನ್ನೂ ಮಾಡಿದರು, ಯುದ್ಧವನ್ನೂ ಮಾಡಿದರು. ಕೊನೆಗೆ ಅವಳಿಗೆ ಅವರೇ ‘ಮೆಣಸಿನ ರಾಣಿ’ ಎಂದು ಹೆಸರಿಟ್ಟರು. ಮುಪ್ಪಿನಲ್ಲಿ ಕೆಳದಿಯವರ ಕೈಗೆ ಸೋತು, ಸೆರೆಯಲ್ಲೇ ತೀರಿಕೊಂಡಳು. ಕಾಳುಮೆಣಸಿಗೆ ಕೋಟೆ ಇತ್ತು, ಸುಂಕ ಇತ್ತು, ಕರಾರುಪತ್ರ ಇತ್ತು, ರಾಣಿಯೂ ಇದ್ದಳು. ಅದೇ ಹಡಗುಗಳಲ್ಲಿ ಯಾರ ಗಮನಕ್ಕೂ ಬಾರದೆ ಬಂದ ಕೆಂಪು ಕಾಯಿಗೆ ಏನೂ ಇರಲಿಲ್ಲ.

ಇರಲಿಲ್ಲವಾದ್ದರಿಂದಲೇ ಅದು ಗೆದ್ದಿತು ಎಂದು ನನಗೆ ತೋರುತ್ತದೆ. ಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ ಬೇಕು, ನೆರಳು ಬೇಕು, ಹಬ್ಬಲು ಮರ ಬೇಕು, ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಬಯಲುಸೀಮೆಯ ಬಡವಿಗೆ ಅದು ದುಡ್ಡು ಕೊಟ್ಟು ಕೊಳ್ಳುವ ವಸ್ತು, ಹಬ್ಬಕ್ಕೋ ಬಾಣಂತನಕ್ಕೋ ನಾಲ್ಕು ಕಾಳು. ಮೆಣಸಿನಗಿಡ ಹಾಗಲ್ಲ. ಒಂದು ಒಣಕಾಯಿಯ ಬೀಜ ಹಿತ್ತಲಲ್ಲಿ ಉದುರಿಸಿದರೆ ಮೂರು ನಾಲ್ಕು ತಿಂಗಳಲ್ಲಿ ಕಾಯಿ. ಎರೆಮಣ್ಣಾದರೂ ಸೈ, ಮಡಕೆಯಾದರೂ ಸೈ. ಒಣಗಿಸಿಟ್ಟರೆ ವರ್ಷ ಪೂರ್ತಿ ಬಾಳಿಕೆ. ಹಕ್ಕಿಗಳಿಗೆ ಖಾರದ ಉರಿಯೇ ಹತ್ತುವುದಿಲ್ಲ. ಹಣ್ಣು ನುಂಗಿ ಬೀಜವನ್ನು ಊರೂರಿಗೆ ಬಿತ್ತುತ್ತವೆ. ಪ್ರಾಣಿಗಳನ್ನು ದೂರವಿಡಲೆಂದೇ ಗಿಡ ಖಾರ ತುಂಬಿಕೊಂಡಿದೆ, ಹಕ್ಕಿಗಳನ್ನು ಮಾತ್ರ ಕರೆಯುತ್ತದೆ ಎನ್ನುತ್ತಾರೆ ವಿಜ್ಞಾನಿಗಳು. ಗಿಡದ ಲೆಕ್ಕಾಚಾರಕ್ಕೆ ಸಿಗದ ಪ್ರಾಣಿ ಮನುಷ್ಯ ಒಬ್ಬನೇ. ಬಾಯಿ ಸುಟ್ಟುಕೊಂಡು, ಕಣ್ಣೀರು ಸುರಿಸಿ, ‘ಇನ್ನೊಂದು ಸ್ವಲ್ಪ ಹಾಕು’ ಎನ್ನುತ್ತಾನೆ.

ಯಾಕೆ? ಮೆಣಸಿನಕಾಯಿಯ ಒಳಗಿನ ಬಿಳಿಯ ತಿರುಳಿನಲ್ಲಿ ಕ್ಯಾಪ್ಸೈಸಿನ್ ಎಂಬ ವಸ್ತು ಇರುತ್ತದೆ. ಖಾರವೆಲ್ಲ ಬೀಜದ್ದೆಂದು ನಾವು ಬೀಜ ಉದುರಿಸುತ್ತೇವೆ, ಬೀಜ ಪಾಪ, ತಿರುಳಿನ ಸಹವಾಸದಿಂದ ಕೆಟ್ಟದ್ದು. ಅಮೆರಿಕದ ಔಷಧಿ ತಜ್ಞ ವಿಲ್ಬರ್ ಸ್ಕೋವಿಲ್ ಖಾರವನ್ನು ಅಳೆಯುವ ಕ್ರಮವನ್ನು 1912ರಲ್ಲಿ ಹೇಳಿಕೊಟ್ಟ. ಸಕ್ಕರೆ ನೀರಿನಲ್ಲಿ ಎಷ್ಟು ಪಾಲು ತೆಳುಮಾಡಿದರೆ ನಾಲಿಗೆಗೆ ಉರಿ ಗೊತ್ತಾಗದು ಎಂಬುದೇ ಅಳತೆ. ಆ ಉರಿ ಬರುವುದು ಹೇಗೆಂದು ತಿಳಿದದ್ದು 1997ರಲ್ಲಿ, ಡೇವಿಡ್ ಜೂಲಿಯಸ್ ಅವರ ಪ್ರಯೋಗಶಾಲೆಯಲ್ಲಿ. ನಮ್ಮ ನರದ ತುದಿಯಲ್ಲಿ ಬಿಸಿ ತಾಗಿದರೆ ತೆರೆದುಕೊಳ್ಳುವ ಬಾಗಿಲೊಂದಿದೆ. ಕೆಂಡ ತುಳಿದರೂ ಅದೇ ಬಾಗಿಲು, ಮೆಣಸಿನಕಾಯಿ ಕಡಿದರೂ ಅದೇ ಬಾಗಿಲು. ಅವರಿಗೆ ಇದಕ್ಕಾಗಿ 2021ರಲ್ಲಿ ನೊಬೆಲ್ ಬಹುಮಾನ ಬಂತು. ಅಂದರೆ ಖಾರ ಒಂದು ರುಚಿಯೇ ಅಲ್ಲ, ನೋವು. ಸುಟ್ಟಿಲ್ಲದ ಬಾಯಿಯನ್ನು ಸುಟ್ಟಿದೆ ಎಂದು ನಂಬಿ ಮೈ ಬೆವರುತ್ತದೆ, ಮೂಗು ಸುರಿಯುತ್ತದೆ. ಅಪಾಯವೇನೂ ಇಲ್ಲವೆಂದು ಮನಸ್ಸಿಗೆ ಗೊತ್ತು. ಆ ಎರಡರ ನಡುವಿನ ಸಂದಿಯಲ್ಲೇ ಸುಖ ಹುಟ್ಟುತ್ತದೆ ಎಂದು ಪಾಲ್ ರೋಜಿನ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿದ್ದಾರೆ. ಜಾತ್ರೆಯ ತೊಟ್ಟಿಲಲ್ಲಿ ಕೂತು ಕಿರುಚುವ ಸುಖದ ಹಾಗೆ.

ಒಪ್ಪುತ್ತೇನೆ. ಆದರೆ ಈ ವಿವರಣೆ ಪೂರ್ತಿಯಲ್ಲ. ಅದಕ್ಕೆ ನಾನು ಖಾರದವ್ವನ ಮಾತು ಹೇಳಬೇಕು.

ಬೇಸಿಗೆ ಬಂದರೆ ನಮ್ಮ ಮನೆಗೆ ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ಬರುತ್ತಿತ್ತು. ಮಾಳಿಗೆಯ ಮೇಲೆ ಹರಡಿದರೆ ಕೆಂಪು ಜಮಖಾನ ಹಾಸಿದ ಹಾಗೆ. ಒಣಗಿ ಗಲಗಲ ಎನ್ನುವಾಗ ತೊಟ್ಟು ಬಿಡಿಸಿ, ಎಣ್ಣೆ ಸವರಿ, ಹುರಿದು, ಕುಟ್ಟಲು ಒಬ್ಬ ಹೆಂಗಸು ಬರುತ್ತಿದ್ದಳು. ನಾವು ಮಕ್ಕಳು ಖಾರದವ್ವ ಎನ್ನುತ್ತಿದ್ದೆವು. ಹಿತ್ತಲ ಒಳ್ಳಿನ ಮುಂದೆ ನಿಂತು ಬೆಳಗಿನಿಂದ ಇಳಿಹೊತ್ತಿನವರೆಗೆ ಒನಕೆ ಎತ್ತಿ ಹಾಕುವಳು. ಘಾಟಿಗೆ ನಾವು ಸೀನುತ್ತ ಓಡಿಹೋದರೆ, ಆಕೆ ಸೆರಗನ್ನು ಮೂಗಿಗೆ ಕಟ್ಟಿ ಕುಟ್ಟುತ್ತಲೇ ಇರುವಳು. ಜರಡಿ ಹಿಡಿದು, ಡಬ್ಬಿಗೆ ತುಂಬಿ, ಹುಳ ಬೀಳದಂತೆ ನಡುವೆ ಇಂಗಿನ ತುಂಡು ಇಟ್ಟುಕೊಡುವಳು. ಹಿತ್ತಲ ಬಾಗಿಲು ದಾಟಿ ಆಕೆ ಒಳಗೆ ಬಂದದ್ದನ್ನು ನಾನು ಕಂಡಿಲ್ಲ. ಆಕೆ ಕುಟ್ಟಿದ ಖಾರ ಮಾತ್ರ ಒಳಗೆ ಬರುತ್ತಿತ್ತು.

ಮಧ್ಯಾಹ್ನ ಗೋಡೆಯ ನೆರಳಿಗೆ ಕೂತು ಬುತ್ತಿ ಬಿಚ್ಚುವಳು. ಎರಡು ಜೋಳದ ರೊಟ್ಟಿ, ಬೇರೆ ಏನೂ ಇಲ್ಲ. ಆಗತಾನೇ ಕುಟ್ಟಿದ ಖಾರವನ್ನು ಒಂದು ಮುಷ್ಟಿ ರೊಟ್ಟಿಯ ಮೇಲೆ ಹಾಕಿಕೊಂಡು, ನಡುವೆ ಗುಣಿ ಮಾಡಿ, ‘ಅವ್ವಾರ, ಒಂದೀಟ ಎಣ್ಣಿ ಹಾಕ್ರಿ’ ಎಂದು ಅಜ್ಜಿಯನ್ನು ಕೇಳುವಳು. ಅಜ್ಜಿ ಮೇಲಿನಿಂದ ಎಣ್ಣೆ ಬಿಡುವಳು. ಆ ರೊಟ್ಟಿ, ಆ ಕೆಂಪು, ಆಕೆ ಕಣ್ಣು ಮುಚ್ಚಿ ಅಗಿಯುವ ಪರಿ ನೋಡಿ ಒಂಬತ್ತು ವರ್ಷದ ನನಗೆ ಬಾಯಲ್ಲಿ ನೀರೂರಿತು. ಅಜ್ಜಿ ಒಳಗೆ ಹೋದದ್ದೇ ತಡ, ಒಂದು ತುತ್ತು ಬೇಡಿ ತಿಂದೆ. ಆಮೇಲೆ ನನ್ನ ಕುಣಿತ ಓಣಿಗೆಲ್ಲ ಕೇಳಿಸಿತು. ನೀರಿನ ಹಂಡೆಯತ್ತ ಓಡಿದವಳನ್ನು ಆಕೆ ಹಿಡಿದು ನಿಲ್ಲಿಸಿದಳು: ‘ನೀರ ಕುಡೀಬ್ಯಾಡ್ರಿ ಸಣ್ಣಕ್ಕಾರ, ಉರಿ ಹೆಚ್ಚಾಕ್ಕತಿ. ಮಜ್ಜಿಗಿ ಕುಡೀರಿ.’ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಹಾಲು ಮಜ್ಜಿಗೆಯಲ್ಲಿರುವ ಕೇಸೀನ್ ಅದನ್ನು ನಾಲಿಗೆಯಿಂದ ಎಬ್ಬಿಸಿಕೊಂಡು ಹೋಗುತ್ತದೆ ಎಂದು ನಾನು ಓದಿದ್ದು ಇನ್ನೂ ಎಷ್ಟೋ ವರ್ಷಗಳ ಮೇಲೆ.

ಉರಿ ತಣಿದ ಮೇಲೆ ಕೇಳಿದೆ: ‘ಅಷ್ಟ ಖಾರ ಹೆಂಗ ತಿಂತಿಯವ್ವಾ?’

‘ರೊಟ್ಟಿ ಒಳಗ ಇಳೀಬೇಕಲ್ರಿ. ಪಲ್ಯ ಇದ್ದವರಿಗೆ ಖಾರ ರುಚಿಗೆ. ನಮಗ ಖಾರನ ಪಲ್ಯ.’

ಈ ಮಾತಿನ ತೂಕ ಆಗ ತಿಳಿಯಲಿಲ್ಲ. ಖಾರ ತಿನ್ನುವುದು ಗಟ್ಟಿತನದ ಗುರುತು ಎಂದು ನಮ್ಮ ಕಡೆ ಹೆಮ್ಮೆ. ‘ನೀವು ಬೆಂಗಳೂರಿನವರು ಸಾರಿಗೂ ಬೆಲ್ಲ ಹಾಕತೀರಿ’ ಎಂದು ನಾನೂ ಗಂಡನ ಮನೆಯವರನ್ನು ಆಡಿಕೊಂಡವಳೇ. ಆದರೆ ಬರೀ ರೊಟ್ಟಿ, ಬರೀ ಗಂಜಿ, ಬರೀ ಮುದ್ದೆಯನ್ನು ಗಂಟಲಿನಲ್ಲಿ ಇಳಿಸಲು ಒಂದು ಚಿಟಿಕೆಯಲ್ಲಿ ಬಾಯಿ ತುಂಬ ನೀರು ತರಿಸುವ, ಕಾಸು ಬೇಡದ ವಸ್ತು ಮೆಣಸಿನಕಾಯಿ ಬಿಟ್ಟು ಇನ್ನೊಂದಿರಲಿಲ್ಲ. ಎಲ್ಲರೂ ಉಂಡ ಮೇಲೆ ಉಣ್ಣುವ ಹೆಂಗಸಿನ ಪಾಲಿಗೆ ಪಲ್ಯದ ಪಾತ್ರೆಯಲ್ಲಿ ಸೌಟಿನ ಗೀರು ಉಳಿಯುತ್ತಿತ್ತು, ಡಬ್ಬಿಯಲ್ಲಿ ಖಾರ ಉಳಿಯುತ್ತಿತ್ತು. ವಿಧವೆಯಾದ ನಮ್ಮ ಅಜ್ಜಿಯದೂ ಒಪ್ಪತ್ತಿನ ಊಟ. ಆ ಊಟದ ಕೊನೆಗೆ ಮಜ್ಜಿಗೆ ಅನ್ನದ ಜೊತೆ ಒಂದು ಕರಿದ ಮಜ್ಜಿಗೆ ಮೆಣಸಿನಕಾಯಿಯನ್ನು ಕರುಂ ಎಂದು ಕಡಿಯುವಾಗ ಅವಳ ಮುಖದಲ್ಲಿ ಕಾಣುತ್ತಿದ್ದ ಬೆಳಕನ್ನು ನಾನು ಮರೆತಿಲ್ಲ. ಬಾಳಿನಲ್ಲಿ ಅವಳಿಗೆ ಬಿಟ್ಟಿದ್ದ ಕಾರುಬಾರು ಅದೊಂದೇ ಏನೋ.

ಬಡವರ ಈ ಪಲ್ಯದಲ್ಲಿ ಒಂದು ಗುಟ್ಟಿನ ಉಪಕಾರವೂ ಇತ್ತು. ಹಂಗೇರಿಯ ಸೆಗೆಡ್ ಊರಿನಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಎಂಬ ವಿಜ್ಞಾನಿಗೆ ಹೆಂಡತಿ ಒಂದು ರಾತ್ರಿ ಊಟಕ್ಕೆ ಹಸಿಯ ಕೆಂಪು ಮೆಣಸಿನಕಾಯಿ ಇಟ್ಟಳಂತೆ. ಅವನಿಗೆ ತಿನ್ನುವ ಮನಸ್ಸಿಲ್ಲ, ಬೇಡವೆಂದು ಹೇಳುವ ಧೈರ್ಯವೂ ಇಲ್ಲ. ಪರೀಕ್ಷೆ ಮಾಡಬೇಕು ಎಂದು ನೆಪ ಹೇಳಿ ಪ್ರಯೋಗಶಾಲೆಗೆ ಒಯ್ದ. ನಡುರಾತ್ರಿಯ ಹೊತ್ತಿಗೆ ಅದು ಸಿ ವಿಟಮಿನ್ನಿನ ಕಣಜ ಎಂದು ಗೊತ್ತಾಯಿತು. 1937ರಲ್ಲಿ ನೊಬೆಲ್ ಬಂತು. ರೊಟ್ಟಿಗೆ ಹಸಿಮೆಣಸಿನಕಾಯಿ ನಂಜಿಕೊಂಡ ನಮ್ಮ ಹೆಂಗಸರು ಹಣ್ಣು ಕಾಣದ ಬದುಕಿನಲ್ಲಿ ತಿಳಿಯದೆಯೇ ಆ ಸತ್ವ ಪಡೆದರು. ಹೆಂಡತಿ ಬಡಿಸಿದ್ದನ್ನು ಅವನು ಸುಮ್ಮನೆ ಉಂಡುಬಿಟ್ಟಿದ್ದರೆ ಬಹುಮಾನ ತಪ್ಪುತ್ತಿತ್ತು ಎಂದು ನಮ್ಮ ಮನೆಯವರು ಇಂದಿಗೂ ವಾದಿಸುತ್ತಾರೆ!

ಖಾರದವ್ವ ಹೇಳಿದ ಇನ್ನೊಂದು ಮಾತಿದೆ. ಸಂಜೆ ಕೆಲಸ ಮುಗಿಸಿ ಕೈ ತೊಳೆದು, ಎಣ್ಣೆ ಹಚ್ಚಿ ಉಜ್ಜಿಕೊಳ್ಳುತ್ತಿದ್ದಳು. ಆದರೂ ಅಂಗೈ ಕೆಂಡ. ‘ಇವತ್ತ ರಾತ್ರಿ ಕೂಸಿನ್ನ ಮುಟ್ಟಾಕ ಬರಂಗಿಲ್ರಿ. ಮುಟ್ಟಿದ್ರ ಚೀರತೈತಿ. ನಮ್ಮತ್ತಿ ಕಡೆ ಮಲಗಸ್ತೀನಿ’ ಎಂದು ಅಜ್ಜಿಗೆ ಹೇಳಿ ಹೋಗುವಳು. ಹಾಗೆ ಬೇಸಿಗೆಯಲ್ಲಿ ಎಷ್ಟು ಮನೆ ಕುಟ್ಟುತ್ತಿದ್ದಳೋ, ಅಷ್ಟು ರಾತ್ರಿ.

ಈಚೆಗೆ ಬ್ಯಾಡಗಿಗೆ ಹೋಗಿದ್ದೆ. ಧಾರವಾಡ ಜಿಲ್ಲೆಯಲ್ಲಿದ್ದ ಊರು 1997ರಿಂದ ಹಾವೇರಿ ಜಿಲ್ಲೆಗೆ ಸೇರಿದೆ. ಸೋಮವಾರ, ಗುರುವಾರ ದೊಡ್ಡ ಪೇಟೆ. ಡಬ್ಬಿ ಎಂಬ ಗುಂಡನೆಯ ತಳಿ, ಕಡ್ಡಿ ಎಂಬ ಉದ್ದನೆಯ ತಳಿ. ಮೈಯೆಲ್ಲ ಸುಕ್ಕು, ಬಣ್ಣ ಕಡುಕೆಂಪು, ಉರಿ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದರಿಂದ ತೆಗೆದ ಬಣ್ಣದ ಸತ್ವ ತಿಂಡಿಗೂ ಹೋಗುತ್ತದೆ, ತುಟಿಗೆ ಹಚ್ಚುವ ರಂಗಿಗೂ ಹೋಗುತ್ತದೆ. ಊರೂರಿನ ಹೆಂಗಸರ ತುಟಿಯ ಮೇಲೆ ನಮ್ಮ ಎರೆಹೊಲದ ಕೆಂಪು! ಆದರೆ ಬೆಳೆದವನ ಪಾಡು ಕಾಯಿಯಷ್ಟೇ ಸುಕ್ಕು. ಎಲೆ ಮುಟುರು ರೋಗ, ತಪ್ಪಿದ ಮಳೆ, ಬಿದ್ದ ದರ. 2024ರ ಮಾರ್ಚ್ 11ರ ಸೋಮವಾರ ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಮಾರುಕಟ್ಟೆಯ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಇಟ್ಟದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ.

ಪೇಟೆಯ ಗೋದಾಮುಗಳಲ್ಲಿ ಕೆಂಪು ರಾಶಿಗಳ ಸುತ್ತ ಹೆಂಗಸರು ಕೂತು ತುಂಬು ಬಿಡಿಸುತ್ತಿದ್ದರು. ತುಂಬು ಎಂದರೆ ತೊಟ್ಟು. ತಲೆಗೆ, ಮೂಗಿಗೆ ಬಟ್ಟೆ. ಬಿಡಿಸಿದ ತೂಕದ ಮೇಲೆ ಕೂಲಿ. ಒಬ್ಬಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ನಾನೂ ಹತ್ತು ಕಾಯಿ ಬಿಡಿಸಿದೆ. ಕೈ ಚುರುಗುಟ್ಟತೊಡಗಿತು. ‘ರಾತ್ರಿ ಉರಿಯೂದಿಲ್ಲೇನವ್ವಾ?’ ಎಂದೆ. ಆಕೆ ನಕ್ಕಳು. ‘ಉರೀತಾವ್ರಿ. ಮೊದಮೊದಲ ಅಳತಿದ್ದೆ. ಈಗ ಕೂಸು ದೊಡ್ಡಾಗ್ಯಾವ, ಚಿಂತಿಲ್ಲ.’ ನಲವತ್ತೈದು ವರ್ಷದ ಹಿಂದಿನ ಹಿತ್ತಲಿನಿಂದ ಯಾರೋ ಉತ್ತರ ಕೊಟ್ಟ ಹಾಗಾಯಿತು.

ಮನೆಗೆ ಬಂದವಳೇ ಅವ್ವನಿಗೆ ಫೋನು ಮಾಡಿದೆ. ಆಕೆಗೀಗ ಎಂಬತ್ತೆಂಟು. ‘ಅವ್ವಾ, ಖಾರ ಕುಟ್ಟಾಕ ಬರತಿದ್ಲಲ್ಲ, ಆಕಿ ಹೆಸರು ಏನು?’

ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ‘ಖಾರದವ್ವ ಅಂತಿದ್ವಲ್ಲ’ ಎಂದಳು ಅವ್ವ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ‘ಹೌದಲ್ಲ, ಹೆಸರು ಏನಿತ್ತು?’ ಎಂದು ತನ್ನನ್ನೇ ಕೇಳಿಕೊಂಡಳು.

ಕಾಳುಮೆಣಸಿನ ರಾಣಿಯ ಹೆಸರು ಪೋರ್ಚುಗೀಸರ ಕಾಗದಪತ್ರಗಳಲ್ಲಿ ಉಳಿದಿದೆ. ಅಜ್ಜನ ಹೆಸರನ್ನು ಗೋತ್ರದ ಜೊತೆಗೆ ವರ್ಷಕ್ಕೊಮ್ಮೆ ಹೇಳಿ ಎಳ್ಳುನೀರು ಬಿಡುತ್ತೇವೆ. ಹತ್ತು ವರ್ಷ ನಮ್ಮ ಊಟಕ್ಕೆ ಖಾರ ಕುಟ್ಟಿಕೊಟ್ಟವಳಿಗೆ ಹೆಸರೇ ಉಳಿಯಲಿಲ್ಲ. ಎಲ್ಲಿಂದಲೋ ಬಂದ ಪರದೇಶಿ ಕಾಯನ್ನು ನಾವು ಅಡುಗೆಮನೆಯೊಳಗೆ ಕರೆದುಕೊಂಡು, ಡಬ್ಬಿಯಲ್ಲಿ ಕೂರಿಸಿ, ನಮ್ಮದೇ ಎಂದು ಹೆಮ್ಮೆಪಟ್ಟೆವು. ಅದನ್ನು ಕುಟ್ಟಿದವಳು ಹಿತ್ತಲಲ್ಲೇ ಉಳಿದಳು.

ಈ ಸಲದ ಪಕ್ಷದಲ್ಲೂ ಖಾರದ ಡಬ್ಬಿಯನ್ನು ಹೊರಗಿಟ್ಟೆ. ಹಿರಿಯರಿಗೆ ಗೊತ್ತಿಲ್ಲದ್ದನ್ನು ಬಡಿಸಬಾರದು, ಅಜ್ಜಿಯ ಮಾತು ಮೀರಲಾರೆ. ಎಲ್ಲರ ಊಟ ಮುಗಿದು ಅಡುಗೆಮನೆ ಖಾಲಿಯಾದ ಮೇಲೆ, ಹಿಂದಿನ ದಿನದ ಒಂದು ತಂಗಳು ರೊಟ್ಟಿ ತೆಗೆದುಕೊಂಡು ಹಿತ್ತಲ ಮೆಟ್ಟಿಲಿಗೆ ಬಂದು ಕೂತೆ. ರೊಟ್ಟಿಯ ಮೇಲೆ ಖಾರ ಹಾಕಿ, ನಡುವೆ ಗುಣಿ ಮಾಡಿ, ಎಣ್ಣೆ ಬಿಟ್ಟೆ. ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಇರಬೇಕು. ಒಳಗಿನಿಂದ ಸೊಸೆ ‘ಅತ್ತೇ, ನೀರು ಕೊಡಲೇ?’ ಎಂದು ಕೂಗಿದಳು.

‘ನೀರು ಬ್ಯಾಡವಾ, ಮಜ್ಜಿಗಿ ಕೊಡು’ ಎಂದೆ.